ನಿಲ್ಲಿಸಿದಲ್ಲಿಂದ ಮುಂದಕ್ಕೆ

ಪದರದ ಮೇಲೆ ಪದರ ಕೂಡಿಸಿ ಹೊದೆಯಲು ಹೊಲಿಯುವ ಕೌದಿಗೆ ಹೊಸ ಬಟ್ಟೆ ಒಗ್ಗುವುದಿಲ್ಲ. ಅಂಗಡಿಯಿಂದ ತಂದ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬಿಗುವು ಇರುತ್ತದೆ. ನಾಲ್ಕು ಪದರ ಕೂಡಿಸಿದರೆ ಸೂಜಿ ಒಳಗೇ ಇಳಿಯದು. ಹೇಗೋ ಹೊಲಿದು ಮುಗಿಸಿದರೂ ಮೊದಲ ಒಗೆತಕ್ಕೆ ಒಂದೊಂದು ಪದರ ಒಂದೊಂದು ಅಳತೆಗೆ ಕುಗ್ಗಿ, ಕೌದಿ ತುಂಬ ಉಬ್ಬುತಗ್ಗು ಏಳುತ್ತದೆ. ವರ್ಷಾನುಗಟ್ಟಲೆ ಉಟ್ಟು, ಕಲ್ಲಿನ ಮೇಲೆ ಒಗೆಸಿಕೊಂಡು, ಬಿಸಿಲಿಗೆ ಒಣಗಿ, ಇನ್ನು ಕುಗ್ಗಲಿಕ್ಕೆ ಏನೂ ಉಳಿಯದ ಹತ್ತಿ ಸೀರೆ ಬೇಕು ಕೌದಿಗೆ. ಅಂಥ ಬಟ್ಟೆ ಬೇಸಿಗೆಯಲ್ಲಿ ಮೈಗೆ ತಂಪು, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬೆಚ್ಚಗೆ. ಬಂದ ಗಿರಾಕಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ: "ಹೊಸಾದು ತರಬ್ಯಾಡ್ರಿ. ಉಟ್ಟು ಉಟ್ಟು ಮೆತ್ತಗಾಗಿದ್ದು ತರ್ರಿ."

ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಾನು ಬೇರೆಯವರಿಗೆ ಕೌದಿ ಹೊಲಿದುಕೊಡುತ್ತೇನೆ. ನಮ್ಮ ಅವ್ವನ ಕಾಲದಲ್ಲಿ ಇದಕ್ಕೆಂದೇ ಹೆಣ್ಣುಮಕ್ಕಳು ಊರೂರು ತಿರುಗುತ್ತಿದ್ದರು. ಸುಗ್ಗಿ ಮುಗಿದು ಬಿಸಿಲು ಏರಿತೆಂದರೆ ಬಂದು, ಕಟ್ಟೆಯ ಮೇಲೋ ಬೇವಿನ ಗಿಡದ ನೆರಳಿಗೋ ಕೂತು, ಮನೆಯವರು ಕೊಟ್ಟ ಹಳೆ ಬಟ್ಟೆಯನ್ನು ಅಲ್ಲೇ ಹರವಿ ಹೊಲಿದು, ಕಾಳುಕಡಿ, ರೊಟ್ಟಿ, ಒಂದಿಷ್ಟು ರೊಕ್ಕ ಇಸಿದುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಅವರ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಬಾಲ್ಯದ ಬೇಸಿಗೆ ರಜೆಯ ದೊಡ್ಡ ಕೆಲಸ. ಈಗ ಅಂಥವರು ಬರುವುದು ಕಡಿಮೆಯಾಗಿದೆ. ಗಿರಾಕಿಗಳೇ ಬಟ್ಟೆಯ ಗಂಟು ಹೊತ್ತು ನನ್ನ ಬಾಗಿಲಿಗೆ ಬರುತ್ತಾರೆ.

ಮನೆ, ಮಕ್ಕಳು, ವಯಸ್ಸಾದ ಅತ್ತೆ ಇವನ್ನೆಲ್ಲ ಹಿಡಿದುಕೊಂಡು ಇದು ಹೇಗೆ ಸಾಗುತ್ತದೆ ಎಂದು ಬಹಳ ಮಂದಿ ಕೇಳುತ್ತಾರೆ. ಸಾಗುವುದು ಕೌದಿಯ ಗುಣದಿಂದ. ತಿರುಗುವ ತಿಗರಿಯ ಮೇಲೆ ಅರ್ಧ ಎದ್ದ ಗಡಿಗೆಯನ್ನು ಬಿಟ್ಟು ಹಾಲು ಉಕ್ಕಿತೇ ಎಂದು ನೋಡಿ ಬರಲಾಗದು. ಮಗ್ಗದ ಮುಂದೆ ಕೂತವರು ತಾಸಿಗೆ ಹತ್ತು ಸಲ ಎದ್ದರೆ ನೇಯ್ಗೆಯ ಹದ ಕೆಡುತ್ತದೆ. ಕೌದಿ ಹಾಗಲ್ಲ. ಕುಕ್ಕರ್ ಕೂಗಿದರೆ, ಬಾಗಿಲ ಗಂಟೆ ಬಾರಿಸಿದರೆ, ಒಳಗಿಂದ ಅತ್ತೆ ಕರೆದರೆ ಸೂಜಿಯನ್ನು ಇದ್ದಲ್ಲೇ ಬಟ್ಟೆಗೆ ಚುಚ್ಚಿ ಏಳಬಹುದು. ಮರಳಿ ಬಂದು ಕೂತಾಗ ಅದು ಅಲ್ಲೇ ಇರುತ್ತದೆ; ಹಿಂದಿನ ಹೊಲಿಗೆಯೇ ಮುಂದಿನದಕ್ಕೆ ದಾರಿ ತೋರಿಸುತ್ತದೆ. ಎಣಿಸಬೇಕಾದ ಎಳೆಗಳಿಲ್ಲ, ತಲೆಯಲ್ಲಿ ಇಟ್ಟುಕೊಳ್ಳಬೇಕಾದ ನಕ್ಷೆಯಿಲ್ಲ. ದಿನಕ್ಕೆ ನೂರು ಸಲ ಏಳುತ್ತ ಕೂರುತ್ತ ಬಾಳಿದ ಹೆಂಗಸರೇ ತಮ್ಮ ದಿನಕ್ಕೆ ಹೊಂದುವಂತೆ ಕಂಡುಕೊಂಡ ಕಸುಬು ಇದು ಎಂದು ನಾನು ನಂಬಿದ್ದೇನೆ. ಈ ಕೆಲಸದ ಮೇಲೆ ನನಗೆ ಇಷ್ಟು ಪ್ರೀತಿ ಇರುವುದಕ್ಕೆ ಮೊದಲ ಕಾರಣವೂ ಅದೇ. ಮನೆಯನ್ನು ಬದಿಗಿಟ್ಟು ಬಾ ಎಂದು ಅದು ಒಮ್ಮೆಯೂ ಕೇಳಿಲ್ಲ.

ಕೆಲಸ ಶುರುವಾಗುವುದು ನೀರು ಬರುವ ದಿನ. ಹುಬ್ಬಳ್ಳಿ-ಧಾರವಾಡದಲ್ಲಿ ಬಾಳಿದವರಿಗೆ ಆ ದಿನ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಕೆಲವು ಓಣಿಗಳಿಗೆ 24 ತಾಸೂ ನೀರುಂಟು. ನಮ್ಮಂಥ ಓಣಿಗಳಲ್ಲಿ ಒಮ್ಮೆ ಬಿಟ್ಟರೆ ಮತ್ತೆ ಬಿಡುವ ಹೊತ್ತಿಗೆ ದಿನಗಳೇ ಉರುಳುತ್ತವೆ. ಕೊಡ, ಬಕೆಟ್ಟು, ಡ್ರಮ್ಮು, ಹಂಡೆ ಎಲ್ಲ ತುಂಬಿದ ಮೇಲೆ ನಳದಲ್ಲಿ ಇನ್ನೂ ನೀರಿದ್ದರೆ ಗಿರಾಕಿಗಳ ಗಂಟು ಬಿಚ್ಚುತ್ತೇನೆ. ಪೆಟ್ಟಿಗೆಯ ವಾಸನೆ, ಡಾಂಬರು ಗುಳಿಗೆಯ ವಾಸನೆ ಹೋಗುವವರೆಗೆ ಜಾಲಾಡಿಸಿ ಮಾಳಿಗೆಯ ಮೇಲೆ ಒಣಹಾಕುತ್ತೇನೆ. ಒಣಗಿದ್ದನ್ನು ಬಿಚ್ಚಿ ನೋಡುವುದು ಅತ್ತೆಯ ಪಾಲಿನ ಕೆಲಸ. ಮೊಣಕಾಲು ನೋವಿನಿಂದ ಅವರು ಈಗ ಕೆಳಗೆ ಕೂರಲಾರರು. ಕುರ್ಚಿಯ ಮೇಲೆ ಬಾಗಿಲಿಗೆ ಎದುರಾಗಿ ಕೂತು, ಫಾಲ್ ಬಿಡಿಸಿ, ಒಂದೊಂದೇ ಸೀರೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಎಳೆ ಸವೆದಿದೆ, ಎಲ್ಲಿ ಇನ್ನೂ ಕಸುವಿದೆ ಎಂದು ಕಣ್ಣಿನಿಂದಲೇ ಅಳೆಯುತ್ತಾರೆ. "ಇದು ಒಳಗಿಂದಕ್ಕ ಇರ್ಲಿ. ಇದನ್ನ ಮ್ಯಾಲ ಹಾಕು." ಅವರು ಮೇಲಕ್ಕೆ ಎಂದದ್ದು ಒಗೆತಕ್ಕೆ ಹರಿದುಬಂದ ಉದಾಹರಣೆ ನನ್ನ ಕಣ್ಣಿಗೆ ಬಿದ್ದಿಲ್ಲ. ಪಾಲಿಯೆಸ್ಟರ್ ಸೀರೆಗಳನ್ನು ಅವರೇ ಮುಟ್ಟಿ ನೋಡಿ ವಾಪಸು ಕಟ್ಟಿಡುತ್ತಾರೆ. ಅವು ಬೆವರು ಹೀರುವುದಿಲ್ಲ, ಪದರದ ನಡುವೆ ಜಾರುತ್ತವೆ. ಎಷ್ಟು ಅಂದದ ಬಣ್ಣವಿದ್ದರೂ ಕೌದಿಯೊಳಗೆ ಅವಕ್ಕೆ ಜಾಗವಿಲ್ಲ.

ಹಾಸುವುದೊಂದೇ ನಡುವೆ ನಿಲ್ಲಿಸಲಾಗದ ಕೆಲಸ. ಅದಕ್ಕೆ ಮಕ್ಕಳು ಶಾಲೆಗೆ, ಮನೆಯವರು ಆಫೀಸಿಗೆ ಹೋದ ಮೇಲಿನ ಹೊತ್ತೇ ಆಗಬೇಕು. ಪಡಸಾಲೆ ಗುಡಿಸಿ ಒರೆಸಿ, ಎರಡು ಪಟ್ಟಿ ಕೂಡಿಸಿ ಅಗಲ ಮಾಡಿದ ತಳದ ಸೀರೆಯನ್ನು ಹಾಸಿ, ಮೂಲೆಗೊಂದು ಭಾರ ಇಡುತ್ತೇನೆ. ಒಳಕಲ್ಲಿನ ಗುಂಡು, ನೀರು ತುಂಬಿದ ತಾಮ್ರದ ತಂಬಿಗೆ, ಕೈಗೆ ಸಿಕ್ಕ ಯಾವುದಾದರೂ ಸರಿ. ಅದರ ಮೇಲೆ ಒಳಗಿನ ಪದರಗಳು, ಹಳೆ ಧೋತರ, ಹರಿದ ದುಪ್ಪಡಿ. ಎಲ್ಲಕ್ಕೂ ಮೇಲೆ ಅತ್ತೆ ಮೇಲಕ್ಕೆ ಎಂದ ಸೀರೆ. ಅಂಗೈಯಿಂದ ನಡುವಿನಿಂದ ಅಂಚಿಗೆ ಸವರುತ್ತ ಸವರುತ್ತ ಸುಕ್ಕು ಹೊರಗೆ ಹಾಕಬೇಕು. ಈ ಹೊತ್ತಿನಲ್ಲಿ ಉಳಿದ ಒಂದು ಮಡಿಕೆ ಕೌದಿಯ ಆಯುಷ್ಯದುದ್ದಕ್ಕೂ ಮಲಗಿದವರ ಬೆನ್ನಿಗೆ ಒತ್ತುತ್ತದೆ. ಆಮೇಲೆ ಗೇಣಿಗೊಂದು ಸಾಲಿನಂತೆ ಉದ್ದುದ್ದ ಕಚ್ಚಾ ಹೊಲಿಗೆ. ಅಷ್ಟಾದರೆ ಸಾಕು, ಕೌದಿಯನ್ನು ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಬಹುದು. ಬೇಕೆಂದಾಗ ಬೇಕಾದಷ್ಟೇ ಬಿಚ್ಚಿಕೊಂಡು ಕೂರಬಹುದು.

ಇನ್ನು ಹೊಲಿಗೆ. ಕೌದಿಗೆ ಇರುವುದು ಸಾದಾ ಓಡು ಹೊಲಿಗೆ ಒಂದೇ, ಮಕ್ಕಳು ಮೊಟ್ಟಮೊದಲು ಕಲಿಯುವಂಥದ್ದು. ದಾರ ಮೊಳಕ್ಕಿಂತ ಬಹಳ ಉದ್ದವಿದ್ದರೆ ಗಂಟು ಬೀಳುತ್ತದೆ, ಗಿಡ್ಡವಿದ್ದರೆ ಪೋಣಿಸುವುದರಲ್ಲೇ ಹೊತ್ತು ಹೋಗುತ್ತದೆ. ದಪ್ಪ ಹತ್ತಿ ದಾರವನ್ನು ಜೇನುಮೇಣದ ಉಂಡೆಯ ಮೇಲೆ ಒಮ್ಮೆ ಎಳೆದುಕೊಂಡರೆ ಬಟ್ಟೆಯೊಳಗೆ ನಯವಾಗಿ ಓಡುತ್ತದೆ. ಬಲಗೈ ಸೂಜಿಯನ್ನು ಇಳಿಸುತ್ತದೆ. ಪದರಗಳ ಕೆಳಗಿರುವ ಎಡಗೈಯ ತೋರುಬೆರಳು ಮೊನೆ ತಾಕಿತೇ ಎಂದು ಕಾದಿದ್ದು ಅದನ್ನು ಮೇಲಕ್ಕೆ ತಿರುಗಿಸುತ್ತದೆ. ಆ ಬೆರಳಿನ ತುದಿ ಈಗ ಗಟ್ಟಿಯಾಗಿ, ಬಿಸಿ ರೊಟ್ಟಿ ತಿರುವಿ ಹಾಕುವಾಗಲೂ ಉಪಯೋಗಕ್ಕೆ ಬರುತ್ತದೆ. ನಾಲ್ಕೈದು ಹೊಲಿಗೆ ಸೂಜಿಯ ಮೇಲೆ ಕೂಡಿದ ಮೇಲೆ ಒಮ್ಮೆ ಎಳೆಯಬೇಕು. ಆಗ ನಾಲ್ಕು ಪದರದೊಳಗಿಂದ ದಾರ ಸರ್ರನೆ ಬರುವ ಸದ್ದು ಇದೆಯಲ್ಲ, ಮಧ್ಯಾಹ್ನದ ಪಡಸಾಲೆಯಲ್ಲಿ ಅದರಷ್ಟು ಹಿತವಾದದ್ದು ನನ್ನ ಕಿವಿಗೆ ಬೇರೊಂದಿಲ್ಲ. ಹೆಚ್ಚು ಎಳೆದರೆ ಬಟ್ಟೆ ಮುದುಡುತ್ತದೆ, ಕಡಿಮೆಯಾದರೆ ದಾರ ಸಡಿಲಾಗಿ ಕಾಲುಂಗುರಕ್ಕೆ ಸಿಕ್ಕಿಕೊಳ್ಳುತ್ತದೆ. ಎಷ್ಟು ಎಳೆಯಬೇಕೆಂಬುದನ್ನು ಹೇಳಿಕೊಡಲು ಬರುವುದಿಲ್ಲ, ಕೈಗೇ ತಿಳಿಯಬೇಕು. ಅಂಚಿನಿಂದ ಶುರುವಾಗಿ, ಬೆರಳಗಲ ಬಿಟ್ಟು ಬಿಟ್ಟು, ಚೌಕದೊಳಗೊಂದು ಚೌಕವಾಗಿ ಸಾಲುಗಳು ಒಳಕ್ಕೆ ಸರಿಯುತ್ತವೆ. ಸಾಲು ಸಾಲಿನ ನಡುವೆ ಬಟ್ಟೆ ಸಣ್ಣಗೆ ಉಬ್ಬುತ್ತದೆ. ಅದರ ಮೇಲೆ ಕೈಯಾಡಿಸಿದವರು ತಕ್ಷಣ ಕೈ ತೆಗೆಯುವುದಿಲ್ಲ.

ಹೋದ ಬೇಸಿಗೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ತೀರಿಕೊಂಡ ತಮ್ಮ ತಾಯಿಯ ಸೀರೆಗಳನ್ನು ತಂದಿದ್ದರು. ಮೂರು ಕೌದಿ ಆಗಬೇಕು, ತಮಗೊಂದು, ಇಬ್ಬರು ತಮ್ಮಂದಿರಿಗೆ ಒಂದೊಂದು. ಗಂಟಿನಲ್ಲಿ ಒಂದು ಚಂದ್ರಕಾಳಿ ಇಳಕಲ್ ಸೀರೆ ಇತ್ತು. ಹತ್ತಿಯ ಕಪ್ಪು ಮೈ, ಕೆಂಪು ರೇಷ್ಮೆಯ ಟೋಪ್ ತೆನಿ ಸೆರಗು. ಇಳಕಲ್ಲಿನ ನೇಕಾರರು ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಮೈಯೆಲ್ಲ ಸವೆದು ಜಾಳಿಗೆಯಾಗಿದ್ದರೂ ಆ ಕೊಂಡಿ ಒಂದೂ ಬಿಟ್ಟಿರಲಿಲ್ಲ. "ಮೂರರಾಗೂ ಈ ಸೆರಗ ಬರಬೇಕ್ರಿ ಅಕ್ಕಾರ," ಎಂದರು. ಸೆರಗಿನ ಬಿಳಿ ತೆನೆಗಳು ತುಂಡಾಗದಂತೆ ಮೂರು ಪಾಲು ಮಾಡಲು ನಾನು ಕತ್ತರಿ ಹಿಡಿಯುವ ಮುನ್ನ ಕಾಗದ ಇಟ್ಟು ಅಳೆದೆ, ಮತ್ತೆ ಮತ್ತೆ ಅಳೆದೆ. ಸೆರಗಿಗೆ ಹೊಂದಿದ ಮೈಯ ಮೇಲೊಂದು ಕಡೆ ಬೆರಳುದ್ದದ ರಫು ಇತ್ತು. ಕಪ್ಪು ದಾರ ಸಿಗದೆ ಕಡುನೀಲಿಯಲ್ಲಿ, ಎಳೆಗೆ ಎಳೆ ಸೇರಿಸಿ, ಬಲು ತಾಳ್ಮೆಯಿಂದ ಹಾಕಿದ್ದು. ಅದನ್ನು ಒಳಗೆ ಮುಚ್ಚಲೇ ಎಂದು ಕೇಳಿದೆ. ಅವರು ಅದರ ಮೇಲೆ ಬೆರಳಿಟ್ಟು, "ಇದು ನನ್ನ ಕೌದಿಗೆ. ಮ್ಯಾಲ ಕಾಣೂಹಂಗ ಹಾಕ್ರಿ," ಎಂದರು. ಆ ತುಂಡನ್ನು ನಡುವಿನ ಚೌಕಕ್ಕೆ ಇಟ್ಟು, ಸುತ್ತ ಅದೇ ತಾಯಿಯ ಗುಳೇದಗುಡ್ಡ ಖಣದ ಕುಪ್ಪಸಗಳಿಂದ ಮುಕ್ಕೋಣಗಳನ್ನು ಕತ್ತರಿಸಿ ಕೂಡಿಸಿದೆ. ಕೊನೆಯ ಮೂಲೆ ಮುಚ್ಚುವ ಮುನ್ನ ಅಲ್ಲಿ ನಾಲ್ಕು ಕಾಳು ಜೋಳ ಇಟ್ಟು ಹೊಲಿಯುವುದು ನಮ್ಮ ಮನೆಯಲ್ಲಿ ನಡೆದುಬಂದದ್ದು, ಹೊದ್ದವರು ಹಸಿಯಬಾರದೆಂದು. ಮೂರಕ್ಕೂ ಆ ಜೋಳವನ್ನು ಅವರ ಕೈಯಿಂದಲೇ ಹಾಕಿಸಿದೆ.

ನನಗಾಗಿ ಹೊಲಿದುಕೊಂಡಿದ್ದರೆ ನನ್ನ ಮನೆಯ ಸೀರೆಗಳಷ್ಟೇ ನನ್ನ ಕೈಗೆ ಬರುತ್ತಿದ್ದವು. ಬೇರೆಯವರಿಗೆ ಹೊಲಿಯುವುದರಿಂದ ಒಬ್ಬ ತಾಯಿ ರಫು ಹಾಕಿದ ರೀತಿ, ಇನ್ನೊಬ್ಬಾಕೆ ನಿರಿಗೆ ಸಿಕ್ಕಿಸಿ ಸಿಕ್ಕಿಸಿ ಸವೆಸಿದ ಜಾಗ, ಮಗುವಿನ ಅಂಗಿಯ ಮೇಲೆ ಅಜ್ಜಿ ತೆಗೆದ ಕಸೂತಿಯ ಗೋಪುರ ಎಲ್ಲವೂ ಬೆರಳಿಗೆ ಸಿಗುತ್ತವೆ.

ನಮ್ಮಿಂದ ದೂರವಿಲ್ಲದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಆಫ್ರಿಕಾದಿಂದ ಬಂದು ಈ ಕಾಡಿನಂಚಿನಲ್ಲಿ ನೆಲೆಸಿದವರ ಸಂತತಿ ಅವರು. ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳದೆ, ಒಂದು ಮೂಲೆಯಿಂದ ಹೊಲಿಯುತ್ತ ಹೋದಂತೆ ಮುಂದಿನ ತುಂಡನ್ನು ಆರಿಸುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮುಗಿದ ಮೇಲೆ ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ಹೂಗಳನ್ನು ಕೂಡಿಸುತ್ತಾರೆ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರ ಆಸಕ್ತಿಯಿಂದ ಈ ಕವಂದಿಗಳು 2011ರಲ್ಲಿ ನ್ಯೂಯಾರ್ಕ್‌ನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನ ಕಂಡವು. ಬಣ್ಣ ಕೂಡಿಸುವುದರಲ್ಲಿ ಆ ಸಿದ್ದಿ ಹೆಣ್ಣುಮಕ್ಕಳ ಧೈರ್ಯ ನನಗಿಲ್ಲ. ಹಳದಿಯ ಪಕ್ಕ ಎಂಥ ನೇರಳೆ ಇಡುತ್ತಾರೆ ಎಂಬುದನ್ನು ನೋಡಲಿಕ್ಕಾದರೂ ಆ ಊರುಗಳಿಗೆ ಹೋಗಿ ಬರಬೇಕು.

ದರದ ಮಾತಿಗೆ ಬರುತ್ತೇನೆ. ಅಮೆರಿಕದಲ್ಲಿರುವ ನಮ್ಮ ಚಿಕ್ಕವ್ವನ ಮಗಳು ಅಲ್ಲಿಯವರು ತಮ್ಮ ಕೌದಿ ಹೊಲಿಯುವ ಲಾಂಗ್‌ಆರ್ಮ್ ಯಂತ್ರವನ್ನು ವಿಡಿಯೊದಲ್ಲಿ ತೋರಿಸಿದ್ದಳು. ಹತ್ತು ಹನ್ನೆರಡು ಅಡಿಯ ಚೌಕಟ್ಟಿಗೆ ಪದರಗಳನ್ನು ಬಿಗಿದು, ಹಳಿಯ ಮೇಲೆ ಓಡುವ ಯಂತ್ರವನ್ನು ಎರಡೂ ಕೈಯಿಂದ ಹಿಡಿದು ನಡೆಸುತ್ತಾರೆ. ಬಟ್ಟೆ ನಿಂತಿರುತ್ತದೆ, ಸೂಜಿಯೇ ತಿರುಗಾಡುತ್ತದೆ. ತುಂಡುಗಳನ್ನು ತಾವೇ ಜೋಡಿಸಿಕೊಂಡವರು ಮೂರು ಪದರ ಕೂಡಿಸಿ ಹೊಲಿಯುವ ಕೆಲಸಕ್ಕೆ ಮಾತ್ರ ಇಂಥವರ ಹತ್ತಿರ ಬರುತ್ತಾರಂತೆ. ಮಕ್ಕಳನ್ನು ಶಾಲೆಗೆ ಕಳಿಸಿ ಮನೆಯಲ್ಲೇ ಇದನ್ನು ಕಸುಬು ಮಾಡಿಕೊಂಡ ಹೆಂಗಸರು ಅಲ್ಲಿ ಬಹಳ. ಅವರು ದರ ಹಾಕುವುದು ಚದರ ಇಂಚಿನ ಲೆಕ್ಕದಲ್ಲಿ. ಅದನ್ನು ಕೇಳಿದ ಮೇಲೆ ನಾನೂ ಟೇಪು ಹಿಡಿದು ಚದರ ಅಡಿಗೆ ಇಷ್ಟು ಎಂದು ಹೇಳತೊಡಗಿದೆ. "ಹಳೇ ಬಟ್ಟಿಗೆ ಇಷ್ಟ್ ರೊಕ್ಕೇನ್ರೀ?" ಎನ್ನುವವರಿದ್ದಾರೆ. ಬಟ್ಟೆ ನಿಮ್ಮದೇ, ಅದಕ್ಕೆ ನಾನು ಏನೂ ಹಾಕಿಲ್ಲ; ಹೊಲಿಗೆಗೆ ಮಾತ್ರ ದರ ಎಂದು ಹೇಳಿ, ಅರ್ಧ ಮುಗಿದ ಕೌದಿಯ ಒಂದು ಮೊಳ ಜಾಗವನ್ನು ಅವರ ಮುಂದೆ ಹಿಡಿಯುತ್ತೇನೆ. ಹೊಲಿಗೆ ಎಣಿಸತೊಡಗಿದವರು ದರ ಇಳಿಸಲು ಕೇಳುವುದಿಲ್ಲ. ಮಷೀನಿನ ಮೇಲೆ ಬೇಗ ಹೊಡೆದುಕೊಡಿ ಎನ್ನುವವರಿಗೆ ಮಾತ್ರ ಒಲ್ಲೆ ಎನ್ನುತ್ತೇನೆ. ನಮ್ಮ ಸಾದಾ ಹೊಲಿಗೆ ಮಷೀನಿನ ಬಿಗಿ ಹೊಲಿಗೆ ಸವೆದ ಎಳೆಯನ್ನು ಕತ್ತರಿಸುತ್ತದೆ. ಕೈಹೊಲಿಗೆ ಎಳೆಗಳ ನಡುವೆ ದಾರಿ ಹುಡುಕಿಕೊಂಡು ಹೋಗುತ್ತದೆ.

ಮನೆಯಲ್ಲಿ ನಿಯಮಗಳು ತಾವಾಗಿಯೇ ಬೆಳೆದಿವೆ. ಒಂದು ಕೌದಿಗೆ ಒಂದೇ ಸೂಜಿ, ದೀಪ ಹಚ್ಚುವ ಮುಂಚೆ ಅದು ಡಬ್ಬಿಗೆ ಸೇರಬೇಕು. ಅಮಾವಾಸ್ಯೆಯ ದಿನ ಅತ್ತೆ ಸೂಜಿ ಹಿಡಿಯಗೊಡುವುದಿಲ್ಲ. ಶ್ರಾವಣ ಹತ್ತಿತೆಂದರೆ ಪಂಚಮಿಯ ಉಂಡಿಯಿಂದ ಗಣಪತಿಯವರೆಗೆ ದೊಡ್ಡ ಕೌದಿ ಒಪ್ಪಿಕೊಳ್ಳುವುದಿಲ್ಲ, ಬಾಣಂತಿಯರ ಕೂಸಿನ ಕೌದಿಗಳನ್ನು ಬಿಟ್ಟು. ಕೂಸು ಹಬ್ಬ ನೋಡಿ ಹುಟ್ಟುವುದಿಲ್ಲವಲ್ಲ. ಮಗಳು ಕೌದಿಯ ಬಿಚ್ಚದ ತುದಿಯ ಮೇಲೆ ಬೋರಲು ಮಲಗಿ ಮಗ್ಗಿ ಒಪ್ಪಿಸುತ್ತಾಳೆ, ನಾನು ಈ ತುದಿಯಲ್ಲಿ ಹೊಲಿಯುತ್ತಲೇ ತಪ್ಪಿದಲ್ಲಿ ತಿದ್ದುತ್ತೇನೆ. ಮಗನಿಗೆ ದಾರ ಪೋಣಿಸುವ ಕೆಲಸ. ಅವನ ಕಣ್ಣು ನನ್ನದಕ್ಕಿಂತ ಚುರುಕು. ಮುಗಿದ ಕೌದಿಯನ್ನು ಒಂದು ತುದಿ ನಾನು, ಒಂದು ತುದಿ ಮನೆಯವರು ಹಿಡಿದು ಜಾಡಿಸಿ ಮಡಚುತ್ತೇವೆ.

ಓದುವವರಲ್ಲಿ ನನ್ನದೊಂದು ಕೇಳಿಕೆ. ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತವರು ಓಣಿಗೆ ಬಂದು ಹಳೆ ಬಟ್ಟೆ ಕೇಳಿದಾಗ, ಗಂಟನ್ನು ಹಾಗೇ ಎತ್ತಿ ಕೊಡಬೇಡಿ. ಪಾಲಿಯೆಸ್ಟರ್ ಇದ್ದದ್ದನ್ನು ಕೊಡಿ. ಹತ್ತಿಯ ಸೀರೆ, ಧೋತರ, ಖಣದ ಕುಪ್ಪಸಗಳನ್ನು ತೆಗೆದು, ಒಗೆದು, ಡಾಂಬರು ಗುಳಿಗೆ ಹಾಕದೆ, ಬೇವಿನ ಎಲೆ ಇಟ್ಟು ಕಟ್ಟಿಡಿ. ಯಾರು ಉಟ್ಟದ್ದು ಎಂದು ಒಂದು ಚೀಟಿಯಲ್ಲಿ ಬರೆದು ಗಂಟಿನೊಳಗೆ ಹಾಕಿ. ನಿಮ್ಮ ಊರಿನಲ್ಲಿ ಕೌದಿ ಹೊಲಿಯುವವರು ಇನ್ನೂ ಒಬ್ಬರಾದರೂ ಇರುತ್ತಾರೆ. ಈ ಬೇಸಿಗೆ ಮುಗಿಯುವುದರೊಳಗೆ ಹುಡುಕಿಕೊಂಡು ಹೋಗಿ, ಅವರು ಹೇಳಿದ ದರ ಕೊಟ್ಟು, ಅವರು ಕೇಳಿದಷ್ಟು ದಿನ ಕಾಯಿರಿ.