ತಮಟೆಗೆ ಅಂಟಿದ ಬಿಲ್ಲೆ

ಮಕ್ಕಳೇ, ‘ಬೀಪ್’ ಎನ್ನುವ ಅಲಾರಂ ಗಡಿಯಾರದೊಳಗೆ ಹಿತ್ತಾಳೆಯ ತೆಳು ಬಿಲ್ಲೆ ನೋಡಿದ್ದೀರಾ? ಅದೇ ಪೀಜೋ ಬಿಲ್ಲೆ. ವಿದ್ಯುತ್ ಕೊಟ್ಟರೆ ಕಂಪಿಸುತ್ತದೆ. ಬಾಗಿಸಿದರೆ ತಾನೇ ವಿದ್ಯುತ್ ಕೊಡುತ್ತದೆ. ಹರಳುಗಳನ್ನು ಅದುಮಿದರೆ ವಿದ್ಯುತ್ ಹುಟ್ಟುವುದನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡುಕೊಂಡರು.

ಶಿಬಿರವೊಂದರಲ್ಲಿ ಈ ಬಿಲ್ಲೆಯನ್ನು ತಮಟೆಯ ಚರ್ಮದ ಒಳಬದಿಗೆ, ಅಂಚಿನಲ್ಲಿ ಅಂಟಿಸಿದೆ. ತಮಟೆ ಬಾರಿಸುವ ಮನೆಯ ಹುಡುಗನೊಬ್ಬ, “ಇನ್ಮೇಲೆ ನಮ್ಮಪ್ಪನ ಕೆಲ್ಸ ಇದೇ ಮಾಡುತ್ತಾ ಸಾರ್?” ಎಂದ. “ನೀನೇ ಬಾರಿಸಿ ನೋಡು” ಎಂದೆ. ಚರ್ಮ ನಡುಗಿತು, ಬಿಲ್ಲೆ ಬಾಗಿತು. ತಮಟೆಯ ಸದ್ದಿನ ಜೊತೆಗೇ ಸ್ಪೀಕರಿನಿಂದ ಗಂಟೆಯ ನಾದ! ಜೋರು ಪೆಟ್ಟಿಗೆ ಹೆಚ್ಚು ವೋಲ್ಟೇಜು, ಜೋರು ಗಂಟೆ. ಪಕ್ಕದ ಡೋಲಿನ ಸದ್ದಿಗೂ ಬಿಲ್ಲೆ ಮೋಸಹೋಗುವುದುಂಟು. ಸಣ್ಣ ವೋಲ್ಟೇಜಿಗೆ ಸುಮ್ಮನಿರುವಂತೆ ಯಂತ್ರವನ್ನು ಹೊಂದಿಸಬೇಕು.

ಮರುದಿನ ಅವನು ಅಪ್ಪನನ್ನೇ ಕರೆತಂದ. ಅವರು ಮೊದಲು ಕೇಳಿದ್ದು: “ಬೆಂಕಿಗೆ ಕಾಯಿಸುವಾಗ ಇದನ್ನು ತೆಗೀಬೇಕಲ್ವಾ?” ಹೌದು, ತೆಗೆಯಲೇಬೇಕು, ಬಿಸಿಗೆ ಅಂಟು ಬಿಡುತ್ತದೆ.