ನಿಟ್ಟೂರಿನ ಬಂಡೆಯವರೆಗೆ



ನಮ್ಮ ಮನೆತನದ ಹುಡುಗನೊಬ್ಬ ಉದ್ಯೋಗನಿಮಿತ್ತ ಫ್ರಾನ್ಸ್ ದೇಶದಲ್ಲಿ ನೆಲೆಸಿದ್ದಾನೆ. ರಜೆ ಸಿಕ್ಕಾಗಲೆಲ್ಲ ಪತಿಪತ್ನಿಯರಿಬ್ಬರೂ ಅಲ್ಲಿಯ ಹಳ್ಳಿಗಾಡಿನಲ್ಲಿ ಕಾಲ್ನಡಿಗೆಯ ಪ್ರವಾಸ ಹೊರಡುತ್ತಾರೆ. 1947ರಿಂದ ಆ ದೇಶದಲ್ಲಿ ದೂರದ ಕಾಲುದಾರಿಗಳನ್ನು ಗುರುತಿಸಿ, ಮರದ ಕಾಂಡಕ್ಕೂ ಗೋಡೆಯ ಕಲ್ಲಿಗೂ ಬಿಳಿ ಕೆಂಪು ಪಟ್ಟೆ ಬಳಿದು ಕಾಪಾಡಿಕೊಂಡು ಬಂದಿದ್ದಾರಂತೆ. ಆ ಪಟ್ಟೆಗಳನ್ನು ನೋಡುತ್ತ ನಡೆದರೆ ದಾರಿ ತಪ್ಪುವ ಭಯವಿಲ್ಲ. ಕಾರ್ನಾಕ್ ಎಂಬಲ್ಲಿ ಆದಿಮಾನವರು ಸಾಲುಸಾಲಾಗಿ ನಿಲ್ಲಿಸಿದ ಸುಮಾರು ಮೂರು ಸಾವಿರ ಕಲ್ಲುಗಳಿವೆ. 2025ರಲ್ಲಿ ಯುನೆಸ್ಕೋ ಅವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಚಿತ್ರಗಳನ್ನು ಕಳಿಸಿದ ಹುಡುಗ ದೂರವಾಣಿಯಲ್ಲಿ ಕೇಳಿದ: "ದೊಡ್ಡಪ್ಪಾ, ನಮ್ಮ ಕಡೆ ಹಂಪಿ ಬಿಟ್ರೆ ಇಂಥದ್ದು ನೋಡೋಕೆ ಏನೈತೆ?"

2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹಂಪಿಯೂ ನಮ್ಮ ಜಿಲ್ಲೆಯದಾಗಿ ಉಳಿದಿಲ್ಲ. ಹಾಗಾದರೆ ನಮ್ಮಲ್ಲಿ ಏನಿದೆ? ಕರೂರು, ಸಿರುಗುಪ್ಪ, ಕುರುಗೋಡು ಕಡೆಯ ಎಷ್ಟೋ ಮಕ್ಕಳು ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಊರು ಬಿಟ್ಟು ಹೋದವರು. ಭತ್ತದ ಗದ್ದೆ, ಎರೆಹೊಲ, ಕಾಲುವೆ, ಗುಂಡುಕಲ್ಲಿನ ಗುಡ್ಡ, ಬಿಸಿಲು, ಇಷ್ಟೇ ತಮ್ಮ ಊರು ಎಂದು ಅವರು ತಿಳಿದಿದ್ದಾರೆ. ಆದ್ದರಿಂದ ಉತ್ತರವನ್ನು ಎಲ್ಲರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಮೊದಲು ತೆಕ್ಕಲಕೋಟೆಯ ಗುಡ್ಡಗಳು. ಬಳ್ಳಾರಿ ಸಿರುಗುಪ್ಪ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಅವುಗಳನ್ನು ನೀವೆಲ್ಲ ನೂರಾರು ಸಲ ಕಂಡಿದ್ದೀರಿ. ದೂರಕ್ಕೆ ಅವು ಯಾರೋ ತಂದು ಸುರಿದ ಕಲ್ಲಿನ ರಾಶಿಯಂತೆಯೇ ತೋರುತ್ತವೆ. ಹತ್ತಿ ನೋಡಿದರೆ ಬಂಡೆಗಳ ನಡುವೆ ಸಣ್ಣ ಸಣ್ಣ ಸಮತಟ್ಟು ಜಾಗಗಳಿರುವುದು ಗೊತ್ತಾಗುತ್ತದೆ. ಅಲ್ಲಿ ಜನ ಮನೆ ಕಟ್ಟಿಕೊಂಡಿದ್ದರು. ಪುರಾತತ್ತ್ವ ವಿದ್ವಾಂಸರಾದ ಡಾ. ಎಂ. ಎಸ್. ನಾಗರಾಜರಾಯರು 1960ರ ದಶಕದಲ್ಲಿ ಇಲ್ಲಿ ಉತ್ಖನನ ನಡೆಸಿ, ನವಶಿಲಾಯುಗದ ಜನ ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಈ ಗುಡ್ಡಗಳ ಮೇಲೆ ದುಂಡನೆಯ ಗುಡಿಸಲುಗಳಲ್ಲಿ ಬಾಳಿದ್ದರೆಂದು ತೋರಿಸಿಕೊಟ್ಟರು. ನಯಮಾಡಿದ ಕಲ್ಲಿನ ಕೊಡಲಿಗಳು, ಮಡಕೆಗಳು, ತಾಮ್ರದ ವಸ್ತು, ಚಿನ್ನದ ಒಡವೆ ಕೂಡ ದೊರೆತವು. 1965ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಈ ಉತ್ಖನನದ ವರದಿಯನ್ನು ಪುಸ್ತಕವಾಗಿ ಪ್ರಕಟಿಸಿತು. ಕಾರ್ನಾಕಿನ ಕಲ್ಲುಗಳು ಇದಕ್ಕಿಂತ ಬಹಳ ಹಳೆಯವು, ಒಪ್ಪೋಣ. ಆದರೆ ಅಲ್ಲಿ ಉಳಿದಿರುವುದು ನಿಲ್ಲಿಸಿದ ಕಲ್ಲು. ಇಲ್ಲಿರುವುದು ಜನ ಉಂಡು, ಮಲಗಿ, ದನ ಸಾಕಿ ಬಾಳಿದ ಜಾಗ.

ಆ ಗುಡ್ಡಕ್ಕೆ ನಾನು ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ತಂಡದಲ್ಲಿ ಕುರಿ ಕಾಯುವ ಮನೆಯ ಹುಡುಗನೊಬ್ಬನಿದ್ದ. ತರಗತಿಯಲ್ಲಿ ಬಾಯಿ ಬಿಡದವನು. ಪರೀಕ್ಷೆಯಲ್ಲಿ ಅವನಿಗೆ ಬರುತ್ತಿದ್ದ ಅಂಕಗಳನ್ನು ಇಲ್ಲಿ ಹೇಳುವುದು ಬೇಡ. ಗುಡ್ಡ ಹತ್ತಿದ ಮೇಲೆ ಅವನೇ ಮುಂದಾಳು. ಬಂಡೆಯ ಮೈಮೇಲೆ ಕೊಡಲಿ ಮಸೆದು ಮಸೆದು ಆದ ತಗ್ಗುಗಳನ್ನು ಒಂದೊಂದಾಗಿ ತೋರಿಸಿದ. ಮಳೆಗಾಲದಲ್ಲಿ ಅವುಗಳಲ್ಲಿ ನೀರು ನಿಲ್ಲುತ್ತದೆಂದೂ ಕುರಿಗಳು ಅದನ್ನು ಕುಡಿಯುತ್ತವೆಂದೂ ಹೇಳಿದ. ಆ ತಗ್ಗುಗಳನ್ನು ಮಾಡಿದವರು ಯಾರೆಂದು ನಾನು ವಿವರಿಸಿದಾಗ, ಒಂದರೊಳಗೆ ಕೈಯಿಟ್ಟು ಬಹಳ ಹೊತ್ತು ಹಾಗೆಯೇ ಕುಳಿತಿದ್ದ. ಮಾತನಾಡಲಿಲ್ಲ.

ಇನ್ನು ನಿಟ್ಟೂರು. ತುಂಗಭದ್ರಾ ತೀರದ ಈ ಹಳ್ಳಿಯಲ್ಲಿಯೂ ಅದೇ ತಾಲೂಕಿನ ಉಡೇಗೋಳದಲ್ಲಿಯೂ ಅಶೋಕನ ಶಿಲಾಶಾಸನಗಳಿವೆ. 1970ರ ದಶಕದ ಕೊನೆಯವರೆಗೆ ಅವು ವಿದ್ವಾಂಸರ ಕಣ್ಣಿಗೆ ಬಿದ್ದಿರಲಿಲ್ಲ. ಅವುಗಳ ಮಹತ್ವ ಬಲ್ಲವರು ಇಂದಿಗೂ ವಿರಳ. ಅಶೋಕನ ಶಾಸನಗಳು ಸಾಮಾನ್ಯವಾಗಿ ಅವನನ್ನು 'ದೇವಾನಾಂಪ್ರಿಯ' ಎಂದಷ್ಟೇ ಕರೆಯುತ್ತವೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೂ ಈ ದೇವಾನಾಂಪ್ರಿಯ ಯಾರೆಂಬುದಕ್ಕೆ ಕಲ್ಲಿನ ಮೇಲಿನ ನೇರ ಸಾಕ್ಷ್ಯಕ್ಕಾಗಿ ಬಹುಕಾಲ ಕಾಯಬೇಕಾಯಿತು. 1915ರಲ್ಲಿ ನದಿಯಾಚೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 'ಅಶೋಕ' ಎಂಬ ಹೆಸರು ಸಿಕ್ಕಿತು. ಮಧ್ಯಪ್ರದೇಶದ ಗುಜರ್ರಾ, ನಮ್ಮ ನಿಟ್ಟೂರು, ಉಡೇಗೋಳ ಇವು ಆ ಹೆಸರುಳ್ಳ ಇತರ ತಾಣಗಳು. ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟೇ ಇರುವ ಇಂಥ ಶಾಸನಗಳಲ್ಲಿ ಎರಡು ಸಿರುಗುಪ್ಪ ತಾಲೂಕಿನಲ್ಲಿವೆ!

ಹೋಗುವುದಾದರೆ ಬೆಳಗಿನ ಹೊತ್ತು ಇಲ್ಲವೇ ಸಂಜೆ ಹೋಗಬೇಕು. ಓರೆ ಬಿಸಿಲಿನಲ್ಲಿ ಮಾತ್ರ ಅಕ್ಷರಗಳ ಅಂಚು ಎದ್ದು ಕಾಣುತ್ತದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ, ಅಂದರೆ ನಮ್ಮ ಕನ್ನಡ ಲಿಪಿಯ ತಾಯಿಬೇರು. ಗಣಿತದ ಕೂಡಿಸುವ ಚಿಹ್ನೆಯಂತಿರುವುದು 'ಕ', ಮನೆಯ ಮಾಡಿನಂತಿರುವುದು 'ಗ', ಬರಿಯ ಸೊನ್ನೆಯಂತಿರುವುದು 'ಠ'. ಇಷ್ಟನ್ನು ಹೇಳಿಕೊಟ್ಟರೆ ಸಾಕು, ಮಕ್ಕಳು ಬಂಡೆಯ ಮುಂದೆ ನಿಂತು ತಾವೇ ಹುಡುಕತೊಡಗುತ್ತಾರೆ. ಅಕ್ಷರ ಸ್ಪಷ್ಟವಾಗಲೆಂದು ಸೀಮೆಸುಣ್ಣ ತುಂಬುವುದು ಮಾತ್ರ ಸಲ್ಲದು. ನಮ್ಮ ವೃತ್ತಿಬಾಂಧವರಲ್ಲಿಯೇ ಈ ಚಟ ಹೆಚ್ಚು.

ಅದರಲ್ಲಿ ಏನು ಬರೆದಿದೆಯೆಂದು ಕೇಳುತ್ತೀರಿ. ಅರಸನು ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೀರಿದೆಯೆಂದೂ, ಮೊದಲು ಹೆಚ್ಚಿನ ಶ್ರಮ ವಹಿಸಲಿಲ್ಲವೆಂದೂ, ಈಚೆಗೆ ತುಂಬ ಶ್ರಮಿಸುತ್ತಿರುವೆನೆಂದೂ ಹೇಳಿಕೊಂಡಿದ್ದಾನೆ. ಅನಂತರ ಬರುವುದು ನನಗೆ ಬಹಳ ಪ್ರಿಯವಾದ ಮಾತು. ಈ ಶ್ರಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಶ್ರಮಿಸಿದರೆ ಪಡೆಯಬಲ್ಲರು ಎಂದು ಅವನು ಸಾರುತ್ತಾನೆ. ಇದೇ ಶಾಸನದ ಬ್ರಹ್ಮಗಿರಿಯ ಪ್ರತಿಯಲ್ಲಿ 256 ಎಂಬ ಸಂಖ್ಯೆಯಿದೆ. ಅರಸನು ಮನೆಯಿಂದ ಹೊರಗೆ, ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕವದು ಎಂದು ಅನೇಕ ವಿದ್ವಾಂಸರು ಅರ್ಥ ಮಾಡುತ್ತಾರೆ. ತಾನೇ ಊರೂರು ತಿರುಗುತ್ತಿದ್ದ ಕಾಲದಲ್ಲಿ ಹೊರಡಿಸಿದ ಮಾತು ಹಾದಿಬದಿಯ ಬಂಡೆಗಳ ಮೇಲೆ ಕುಳಿತಿತು. ಶಾಸನದ ಎರಡನೆಯ ಭಾಗ ತಂದೆತಾಯಿಗಳ, ಗುರುಗಳ ಮಾತು ಕೇಳಬೇಕೆನ್ನುತ್ತದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಪ್ರತಿಯನ್ನು ಓದಿದರೆ ಇದನ್ನು ಜನರಿಗೆ ಮುಟ್ಟಿಸುವ ಹೊಣೆ ಯಾರದೆಂದು ತಿಳಿಯುತ್ತದೆ: ಆನೆ ಏರುವವರು, ಕರಣಿಕರು, ರಥದ ಕುದುರೆಗಳನ್ನು ಪಳಗಿಸುವವರು, ಬ್ರಾಹ್ಮಣ ಉಪಾಧ್ಯಾಯರು ತಂತಮ್ಮ ಶಿಷ್ಯರಿಗೆ ಕಲಿಸಬೇಕು. ಬಿ.ಎಡ್. ತರಬೇತಿಯಲ್ಲಿ ಪಾಶ್ಚಾತ್ಯ ಶಿಕ್ಷಣತಜ್ಞರ ಹೆಸರುಗಳನ್ನೆಲ್ಲ ನಮಗೆ ಉರು ಹೊಡೆಸಿದರು. ಇದನ್ನು ಯಾರೂ ಹೇಳಲಿಲ್ಲ.

ಕುರುಗೋಡಿನ ವಿಷಯ ನಿಮಗೆ ಗೊತ್ತೇ ಇದೆ. ಏಕಶಿಲೆಯ ದೊಡ್ಡಬಸವೇಶ್ವರನ ದರ್ಶನಕ್ಕೆ ಹೋಗದವರು ನಮ್ಮಲ್ಲಿಲ್ಲ. ಆದರೆ ಅದು ಸಿಂದ ಅರಸರ ರಾಜಧಾನಿಯಾಗಿತ್ತೆಂಬುದನ್ನೂ, ಹಳೆಯ ಕುರುಗೋಡಿನ ಕಡೆ ಚಾಲುಕ್ಯ ಶೈಲಿಯ ಗುಡಿಗಳಿರುವುದನ್ನೂ ನೆನೆಯುವವರು ಕಡಿಮೆ. ತೇರಿಗೆ ಹೋದಾಗ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಅಷ್ಟೇ.

ನನ್ನನ್ನು ಕಾಡುವ ಸಂಗತಿ ಬೇರೆಯದು. ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕುಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದವರು ಕಲ್ಲುಕೊಡಲಿಗಳನ್ನು ತಯಾರಿಸುತ್ತಿದ್ದರು. ಅಲ್ಲಿಯ ಕಪ್ಪು ಬಂಡೆಗಳ ಮೇಲೆ ಅವರು ಕೊರೆದ ಗೂಳಿಗಳ ಚಿತ್ರಗಳಿವೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ಕುಟ್ಟಿದರೆ ಗಂಟೆಯಂಥ ನಾದ ಹೊರಡುತ್ತದೆ. 1892ರಲ್ಲಿಯೇ ಆ ಚಿತ್ರಗಳ ಬಗ್ಗೆ ಬರಹ ಪ್ರಕಟವಾಗಿತ್ತು. 2004ರಲ್ಲಿ ನಿಕೋಲ್ ಬೋಯ್ವಿನ್ ಎಂಬ ವಿದುಷಿ ಮತ್ತೆ ಅವುಗಳ ಬಗ್ಗೆ ಬರೆದು ಲೋಕದ ಗಮನ ಸೆಳೆದಾಗ, ಕಲ್ಲುಗಣಿಗಾರಿಕೆಯಿಂದ ಆ ಗುಡ್ಡಕ್ಕೆ ಅಪಾಯವಿದೆಯೆಂದೂ ಎಚ್ಚರಿಸಿದರು. ಬಂಡೆ ಜಲ್ಲಿಯಾದ ಮೇಲೆ ಅದರ ಮೈಮೇಲಿನ ಗೂಳಿಯನ್ನು ಯಾವ ವಸ್ತುಸಂಗ್ರಹಾಲಯವೂ ಮರಳಿ ತಂದುಕೊಡಲಾರದು. ಹಾಗೆಂದು ರಸ್ತೆ ಬೇಡ, ಮನೆ ಬೇಡ ಎನ್ನುವವನು ನಾನಲ್ಲ. ನನ್ನ ಮನೆಯ ಅಡಿಪಾಯಕ್ಕೆ ಬಿದ್ದಿರುವುದೂ ಇದೇ ಸೀಮೆಯ ಕಲ್ಲು. ಯಾವ ಗುಡ್ಡವನ್ನು ಒಡೆಯಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಊರವರು ತಿಳಿದಿರಬೇಕು. ಆ ಗುಡ್ಡದಲ್ಲಿ ಒಮ್ಮೆಯಾದರೂ ನಡೆದಾಡದವರಿಗೆ ಅದು ತಿಳಿಯುವ ಬಗೆ ಯಾವುದು?

ಕುರಿ ಕಾಯುವ ಮನೆಯ ಆ ಹುಡುಗ ಈಗ ನಡುವಯಸ್ಸಿನವನು, ಕಲ್ಲು ಸಾಗಿಸುವ ಲಾರಿಯ ಚಾಲಕ. ಕಳೆದ ವರ್ಷ ಸಂತೆಯಲ್ಲಿ ಎದುರಾದವನು ಕಾಲು ಮುಟ್ಟಿ ನಮಸ್ಕರಿಸಿ, ಕ್ಷೇಮಸಮಾಚಾರ ಮುಗಿದ ಮೇಲೆ ತಾನಾಗಿಯೇ ಹೇಳಿದ: "ಸಾರ್, ಎಲ್ಲಿಗಾದ್ರೂ ಲೋಡಿಗೆ ಹೋಗ್ತೀನಿ, ಆ ಗುಡ್ಡದ ಕಡೆ ಮಾತ್ರ ಬರಲ್ಲ ಅಂತ ಮಾಲಕರಿಗೆ ಹೇಳಿಬಿಟ್ಟೀನಿ." ಮಾಲಕರು ಏನೆಂದರು ಎಂದು ಕೇಳಿದೆ. "ಬೇರೆ ಡ್ರೈವರ್‌ಗಳು ಇದಾರೆ ಅಂದ್ರು ಸಾರ್" ಎಂದು ನಕ್ಕ. ಮುಂದೆ ಏನು ಹೇಳಬೇಕೋ ನನಗೆ ತೋಚಲಿಲ್ಲ. ಇಬ್ಬರೂ ಚಹಾ ಕುಡಿದೆವು, ದುಡ್ಡು ಅವನೇ ಕೊಟ್ಟ.

ಬರುವ ಸಂಕ್ರಾಂತಿಯ ರಜೆಯಲ್ಲಿ ಊರಿಗೆ ಬರುವವರು ಎರಡು ದಿನ ಮುಂಚಿತವಾಗಿ ತಿಳಿಸಿರಿ. ಬೆಳಗ್ಗೆ ಆರಕ್ಕೆ ತೆಕ್ಕಲಕೋಟೆಯ ಬಸ್‌ನಿಲ್ದಾಣದಲ್ಲಿ ಸೇರೋಣ. ಬಿಸಿಲೇರುವ ಮೊದಲು ಗುಡ್ಡ ಹತ್ತಿ ಇಳಿದು, ಸಂಜೆಯ ಬೆಳಕಿಗೆ ನಿಟ್ಟೂರಿನಲ್ಲಿರಬಹುದು. ಗುಡ್ಡದಲ್ಲಿ ಕುಡಿಯುವ ನೀರು ಸಿಗುವುದಿಲ್ಲ, ತಂದುಕೊಳ್ಳಿ. ಹಾವು ಚೇಳುಗಳ ಭಯವಿರುವುದರಿಂದ ಬರಿಗಾಲು, ಚಪ್ಪಲಿ ಬೇಡ, ಬೂಟು ಇರಲಿ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ನಮ್ಮ ಮನೆಯಿಂದ ಬರುತ್ತವೆ. ಲಾರಿಗೆ ಅಂದು ರಜೆ ಸಿಕ್ಕರೆ ದಾರಿ ತೋರಿಸಲು ಬರುವುದಾಗಿ ಅವನೂ ಒಪ್ಪಿದ್ದಾನೆ.