ಡಿಗ್ರಿ ಆದ್ಮೇಲೆ ಡಿಪ್ಲೊಮಾನಾ?

ಟೀಚರ್ ಆಗಬೇಕು ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಬಿ.ಇಡಿ. ನಮ್ಮ ಮನೆಯಲ್ಲೂ ಹಾಗೇ. ಬಿ.ಎಸ್ಸಿ ಆಗಿದೆ, ಐದು ವರ್ಷ ಬೆಂಗಳೂರಿನಲ್ಲಿ ದುಡಿದು ಒಂದಿಷ್ಟು ಕೂಡಿಟ್ಟಿದ್ದಾಳೆ, ಮಾಡಲಿ ಬಿಡಿ ಅಂದರು. ಗಲಾಟೆ ಶುರುವಾಗಿದ್ದು ನಾನು ಡಿ.ಎಲ್.ಇಡಿ ಅಂದಾಗ. "ಅದು ಹಳೇ ಟಿಸಿಎಚ್ ಅಲ್ವೇನೇ? ಪಿಯುಸಿ ಮುಗಿಸಿದ ಹುಡುಗೀರ ಜೊತೆ ಕೂತ್ಕೋತೀಯಾ?" ಅಂದರು ಚಿಕ್ಕಮ್ಮ. ಗಂಡಿನ ಕಡೆಯವರಿಗೆ ಏನಂತ ಹೇಳೋದು ಅನ್ನೋ ಚಿಂತೆ ಅಮ್ಮನಿಗೆ.

ಕಾರಣ, ಹೈಸ್ಕೂಲ್ ಟೀಚರ್ ಆಗಿರುವ ಅಕ್ಕ ಕೇಳಿದ ಪ್ರಶ್ನೆ. "ಕೋರ್ಸ್ ಆಮೇಲೆ. ನಿಂಗೆ ಯಾವ ಕ್ಲಾಸಿನ ಮಕ್ಕಳು ಬೇಕು ಹೇಳು." ಎರಡು, ಮೂರನೇ ಕ್ಲಾಸು ಅಂದೆ. ಒತ್ತಕ್ಷರಕ್ಕೆ ತಡವರಿಸುವ ಮಗು ಒಂದಿನ ಇದ್ದಕ್ಕಿದ್ದಂತೆ ಬೋರ್ಡು ಓದಿಬಿಡುತ್ತಲ್ಲ, ಆಗ ನಾನಲ್ಲಿರಬೇಕು. "ಹಾಗಾದ್ರೆ ಬಿ.ಇಡಿ ನಿಂಗಲ್ಲ" ಅಂದಳು.

ನಿಜ. 1ರಿಂದ 5ನೇ ತರಗತಿಯ ಶಿಕ್ಷಕ ಹುದ್ದೆಗೆ ಬಿ.ಇಡಿ ಅರ್ಹತೆಯಲ್ಲ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೊಡ್ಡವರಿಗೆ ವಿಜ್ಞಾನ ಕಲಿಸೋದು ಬೇರೆ, ಚಿಕ್ಕವರಿಗೆ ಓದು-ಬರಹ ಕಲಿಸೋದು ಬೇರೆ. ಟಿಇಟಿಯಲ್ಲೂ 1ರಿಂದ 5ಕ್ಕೆ ಒಂದು ಪತ್ರಿಕೆ, 6ರಿಂದ 8ಕ್ಕೆ ಇನ್ನೊಂದು. ಹೈಸ್ಕೂಲಿನ ಕನಸಿದ್ದವರಿಗೆ ಬಿ.ಇಡಿಯೇ ಸರಿ.

ಎರಡೂ ಎರಡೆರಡು ವರ್ಷದ ಕೋರ್ಸು. ಕೆಲಸದ ಜೊತೆಗೇ ಮಾಡೋಣ ಅಂದರೆ ತರಗತಿಗೆ ಶೇ 80, ಶಾಲೆಯ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಬೇಕು. ವಿಚಾರಿಸಲು ಹೋದ ಒಂದು ಕಾಲೇಜಿನಲ್ಲಿ "ಬರೋದೇ ಬೇಡ ಮೇಡಂ, ಫೀಸ್ ಕಟ್ಟಿ, ಅಟೆಂಡೆನ್ಸ್ ನಾವು ನೋಡ್ಕೋತೀವಿ" ಅಂದರು. ಸಂಬಳ ಉಳಿಯುತ್ತಿತ್ತು. ಆದರೆ ನಲವತ್ತು ಮಕ್ಕಳ ಮುಂದೆ ನಾನು ಮೊದಲ ಸಲ ನಿಲ್ಲೋದು ನೌಕರಿಗೆ ಸೇರಿದ ದಿನವೇ ಆದರೆ, ಅದರ ನಷ್ಟ ಆ ಮಕ್ಕಳಿಗೆ ತಾನೇ? ಎದ್ದು ಬಂದೆ.

ಈಗ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದೀನಿ. ಪಿಜಿ ಖಾಲಿ ಮಾಡಿ ಊರಿಗೆ ಬಂದಿದ್ದೀನಿ. ಇಲ್ಲಿಂದಲೇ ಕಾಲೇಜಿಗೆ ಬಸ್ಸು. ಎರಡು ವರ್ಷ ಸಂಬಳವಿಲ್ಲ. ಆಮೇಲೆ ಟಿಇಟಿ, ಅದರ ಮೇಲೆ ನೇಮಕಾತಿ ಪರೀಕ್ಷೆ, ಸರ್ಕಾರ ಹುದ್ದೆ ಕರೆಯುವವರೆಗೆ ಕಾಯೋದು. ಭಯವಿಲ್ಲ ಅಂದರೆ ಸುಳ್ಳಾಗುತ್ತೆ. ಕೇಳಿದವರಿಗೆ ಅಮ್ಮ "ಟೀಚರ್ ಟ್ರೈನಿಂಗ್" ಅಂತಷ್ಟೇ ಹೇಳ್ತಾಳೆ. ಸದ್ಯಕ್ಕೆ ಅಷ್ಟು ಸಾಕು.

ನೀವೂ ಇದೇ ಯೋಚನೆಯಲ್ಲಿದ್ದರೆ ಫೀಸು, ಕಾಲೇಜು ಎಲ್ಲ ಆಮೇಲೆ ವಿಚಾರಿಸಿ. ಯಾವ ವಯಸ್ಸಿನ ಮಕ್ಕಳ ಜೊತೆ ಮೂವತ್ತು ವರ್ಷ ಇರೋಕೆ ಇಷ್ಟ ಅಂತ ಮೊದಲು ಕೇಳ್ಕೊಳ್ಳಿ. ಕೋರ್ಸ್ ಯಾವುದು ಅಂತ ಆಗ ತಾನಾಗೇ ಗೊತ್ತಾಗುತ್ತೆ.